ಕಣ್ಣಿಗೆ ಒಂದೇ ಅಂಕ, ಪೈಥಾನ್‌ಗೆ ಎರಡು

ನೀವು ಕಳಿಸಿದ ಪ್ರೋಗ್ರಾಂ ನೋಡಿದೆ. ಮೂರನೇ ಸಾಲಿನಲ್ಲಿ ‘ಅಂಕ’ ಎಂಬ ವೇರಿಯಬಲ್‌ಗೆ 35 ಕೊಟ್ಟಿದ್ದೀರಿ. ಒಂಬತ್ತನೇ ಸಾಲಿನಲ್ಲಿ ಅದನ್ನೇ ಕೇಳಿದರೆ, ಅಂಥ ಹೆಸರೇ ಇಲ್ಲ ಅನ್ನುತ್ತಿದೆ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ತಪ್ಪಿದ್ದು ಬೆರಳು. ಒಂಬತ್ತನೇ ಸಾಲಿನಲ್ಲಿ ಅನುಸ್ವಾರದ ಜಾಗಕ್ಕೆ ಕನ್ನಡದ ಸೊನ್ನೆ ಬಂದು ಕೂತಿದೆ: ‘ಅ೦ಕ’. ಎರಡೂ ದುಂಡಗೇ ಕಾಣುತ್ತವೆ. ಆದರೆ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಹೆಸರಿನ ನಡುವೆ ಅಂಕಿ ಬರಬಹುದಾದ್ದರಿಂದ ಪೈಥಾನ್ ತಕರಾರಿಲ್ಲದೆ ಅದನ್ನು ಬೇರೆಯೇ ಹೆಸರೆಂದು ಓದಿಕೊಂಡಿತು.

ಎಡಿಟರ್‌ನ ಹುಡುಕು ಪೆಟ್ಟಿಗೆಯಲ್ಲಿ ‘೦’ ಹಾಕಿ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ. ಅನುಮಾನ ಉಳಿದರೆ ಹೆಸರಿನ ಒಂದೊಂದು ಅಕ್ಷರವನ್ನೂ ‘ಆರ್ಡ್’ ಫಂಕ್ಷನ್‌ಗೆ ಕೊಟ್ಟು ಸಂಖ್ಯೆ ಮುದ್ರಿಸಿ.

ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಬಚಾವಾಗುತ್ತಿದ್ದೆ ಅಂದುಕೊಳ್ಳಬೇಡಿ. ಅಲ್ಲೂ ಕೆಲವು ಫಾಂಟ್‌ಗಳಲ್ಲಿ ಸಣ್ಣ ಎಲ್, ದೊಡ್ಡ ಐ, ಒಂದು ಎಂಬ ಅಂಕಿ ಮೂರೂ ಒಂದೇ ಕಡ್ಡಿ. ದೊಡ್ಡ ಓ ಮತ್ತು ಸೊನ್ನೆ ಅವಳಿಗಳು. ಪೈಥಾನ್‌ನ ಶೈಲಿ ಕೈಪಿಡಿ ‘ಪೆಪ್ 8’ ಸಣ್ಣ ಎಲ್, ದೊಡ್ಡ ಐ, ದೊಡ್ಡ ಓ ಈ ಮೂರು ಅಕ್ಷರಗಳನ್ನು ಒಂಟಿಯಾಗಿ ವೇರಿಯಬಲ್ ಹೆಸರಿಗೆ ಬಳಸಲೇಬೇಡಿ ಎನ್ನುತ್ತದೆ. ರಷ್ಯನ್ ಲಿಪಿಯ ‘ಎ’ ಇನ್ನೂ ಅಪಾಯಕಾರಿ, ಬಹುತೇಕ ಫಾಂಟ್‌ಗಳಲ್ಲಿ ಇಂಗ್ಲಿಷಿನದರಂತೆಯೇ ಕಾಣುತ್ತದೆ.

ಕನ್ನಡದ ಹೆಸರು ಬಿಡಬೇಡಿ. ಒಮ್ಮೆ ಸರಿಯಾಗಿ ಟೈಪ್ ಮಾಡಿ, ಮುಂದೆ ಅದನ್ನೇ ಕಾಪಿ ಮಾಡಿ ಹಾಕಿ. ಹದಿನಾಲ್ಕನೇ ಸಾಲನ್ನೂ ಒಮ್ಮೆ ನೋಡಿ, ಅಲ್ಲೂ ಅದೇ ಸೊನ್ನೆ ಇದೆ.