ಹಿಟ್ಟನ್ನು ನುಂಗಬೇಕೋ, ಅಗಿಯಬೇಕೋ?

ಪ್ರಶ್ನೆ: ಏನೇ ತಿಂದರೂ ಚೆನ್ನಾಗಿ ಅಗಿದು ತಿನ್ನಿ ಎನ್ನುತ್ತಾರೆ ಡಾಕ್ಟರು. ನಮ್ಮಲ್ಲಿ ರಾಗಿಮುದ್ದೆ ಅಗಿದರೆ ಮನೆಯವರೇ ನಗುತ್ತಾರೆ. ನುಂಗಿದ ಹಿಟ್ಟು ಜೀರ್ಣವಾಗುತ್ತದೆಯೇ?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ಡಾಕ್ಟರ ಮಾತೂ ಸರಿ, ನಿಮ್ಮ ಮನೆಯವರ ರೂಢಿಯೂ ಸರಿ. ಹಾಗಾದರೆ ಯಾವುದನ್ನು ನಂಬಬೇಕು ಎಂಬ ಅನುಮಾನ ನಿಮಗೆ ಬಂದದ್ದು ಸಹಜವೇ. ಕೇಳಿದ್ದು ಒಳ್ಳೆಯದಾಯಿತು.

ಅಗಿಯುವುದರಿಂದ ಎರಡು ಕೆಲಸ ಆಗುತ್ತವೆ. ಮೊದಲನೆಯದು, ಗಟ್ಟಿ ಪದಾರ್ಥ ನುಣ್ಣಗಾಗುವುದು. ರಾಗಿಯ ಮಟ್ಟಿಗೆ ಈ ಕೆಲಸ ಮಿಲ್ಲಿನಲ್ಲೇ ಮುಗಿದಿರುತ್ತದೆ. ಆಮೇಲೆ ಕುದಿಯುವ ಎಸರಿಗೆ ಹಿಟ್ಟು ಹಾಕಿ, ಬೇಯಿಸಿ, ಗಂಟಿಲ್ಲದಂತೆ ಕೋಲಿನಲ್ಲಿ ತೊಳಸುತ್ತೀರಿ. ಹಲ್ಲಿಗೆ ಇನ್ನು ಉಳಿಯುವುದೇನು? ಅಗಿಯಲು ಹೋದರೆ ಮುದ್ದೆ ಹಲ್ಲಿಗೆ, ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಅಷ್ಟೇ.

ಎರಡನೆಯದು, ಎಂಜಲು ಬೆರೆಯುವುದು. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯಲು ಶುರುಮಾಡುತ್ತದೆ. ನುಂಗಿದಾಗ ಇದು ಕಡಿಮೆಯಾಗುತ್ತದೆ, ನಿಜ. ಆದರೆ ಪಿಷ್ಟದ ಜೀರ್ಣಕ್ರಿಯೆ ಬಹುಪಾಲು ನಡೆಯುವುದು ಸಣ್ಣಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ರಸದಿಂದ. ಚೆನ್ನಾಗಿ ಬೆಂದ ಪಿಷ್ಟ ನೀರು ಹೀರಿ ಉಬ್ಬಿರುವುದರಿಂದ ಆ ರಸಕ್ಕೆ ಸುಲಭವಾಗಿ ಸಿಗುತ್ತದೆ. ಅದಕ್ಕೂ ಮೊದಲೇ ಜಠರದ ಸ್ನಾಯುಗಳು ತುತ್ತನ್ನು ಹಿಸುಕಿ ಕಲಸಿರುತ್ತವೆ. ಹೊಟ್ಟೆಯಲ್ಲಿ ಮುದ್ದೆ ಮುದ್ದೆಯಾಗಿಯೇ ಕೂರುವುದಿಲ್ಲ.

ಇಲ್ಲಿ ಒಂದು ಗೊಂದಲ ಆಗುವುದುಂಟು. ನುಂಗುವುದೆಂದರೆ ಗಬಗಬನೆ ಉಣ್ಣುವುದಲ್ಲ. ಮನೆಯ ಹಿರಿಯರು ಉಣ್ಣುವುದನ್ನು ಗಮನಿಸಿ: ಬಿಸಿ ಹಿಟ್ಟನ್ನು ಬೆರಳಲ್ಲಿ ಸಣ್ಣಗೆ ಮುರಿದು, ಉರುಟು ಮಾಡಿ, ಉಪ್ಸಾರಿನಲ್ಲಿ ಪೂರ್ತಿ ಅದ್ದಿ ಬಾಯಿಗಿಡುತ್ತಾರೆ. ಸಾರು ಹತ್ತಿದ ತುತ್ತು ಜಾರಿ ಇಳಿಯುತ್ತದೆ. ದೊಡ್ಡ ತುತ್ತು, ಸಾಲದ ಸಾರು, ಊಟದ ನಡುವೆ ಮಾತು ಸೇರಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಇನ್ನು ಡಾಕ್ಟರ ಮಾತು ನಿಜಕ್ಕೂ ಅನ್ವಯಿಸುವುದು ಮುದ್ದೆಯ ಜೊತೆಗಿರುವುದಕ್ಕೆ. ಬಸ್ಸಾರಿನ ಪಲ್ಯದ ಕಾಳು, ನಂಚಿಕೊಳ್ಳುವ ಈರುಳ್ಳಿ, ಬಾಡಿನ ತುಂಡು, ಇವನ್ನು ಅಗಿಯಲೇಬೇಕು. ಹಿಟ್ಟು ನುಂಗುವ ಓಟದಲ್ಲಿ ಹುರುಳಿಕಾಳನ್ನೂ ಇಡಿಯಾಗಿ ನುಂಗಿದರೆ ಅದರ ಸಿಪ್ಪೆ ಒಡೆಯದೆ, ಒಳಗಿನ ಸಾರ ಪೂರ್ತಿ ದಕ್ಕುವುದಿಲ್ಲ. ಅಮೆರಿಕದ ಹೊರೇಸ್ ಫ್ಲೆಚರ್ (1849–1919) ಎಂಬುವರು ಪ್ರತಿ ತುತ್ತೂ ನೀರಾಗುವವರೆಗೆ ಅಗಿಯಬೇಕೆಂದು ಸಾರಿದ್ದರು. ಅಷ್ಟು ದೂರ ಹೋಗಬೇಕಿಲ್ಲ. ನಿಧಾನವಾಗಿ ಉಂಡರೆ ಹೊಟ್ಟೆ ತುಂಬಿದ್ದು ಹೊತ್ತಿಗೆ ಸರಿಯಾಗಿ ತಿಳಿಯುತ್ತದೆ, ಅಷ್ಟು ಸಾಕು.

ಪುಟ್ಟ ಮಕ್ಕಳಿಗೆ, ನುಂಗುವಾಗ ಕೆಮ್ಮು ಬರುವ ವಯಸ್ಸಾದವರಿಗೆ ಮಾತ್ರ ನುಂಗುವ ಒತ್ತಾಯ ಬೇಡ. ಮಕ್ಕಳಿಗೆ ಹಿಟ್ಟನ್ನು ಸಾರಿನಲ್ಲಿ ಮೆತ್ತಗೆ ಕಿವುಚಿ ಕೊಡಿ. ಹಿರಿಯರಿಗೆ ಕೆಮ್ಮು ಪದೇಪದೇ ಬರುತ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ.