ಹಾರೋಹಳ್ಳಿಯ ವಿದ್ಯಾರ್ಥಿಗೆ ಒಂದು ಪತ್ರ



ಅಸೈನ್‌ಮೆಂಟು ಬರೆಯುವಾಗ ಕಂಪ್ಯೂಟರಿನ ನೆರವನ್ನು ಪಡೆಯುವುದು ದೋಷವೇ ಎಂದು ಕೇಳಿರುವೆ. ದೋಷವಲ್ಲ, ಆದರೆ ಆ ನೆರವು ನಿನ್ನ ಆಲೋಚನೆಗೆ ಮೊದಲೇ ಬಂದಿತೋ, ಅನಂತರ ಬಂದಿತೋ ಎಂಬುದನ್ನು ನೀನು ವಿಚಾರಿಸಿಕೊಳ್ಳಬೇಕು.

ನೀನು ಓದುತ್ತಿರುವ ಸೀಮೆಯನ್ನೇ ನೋಡು. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ದಯಾನಂದ ಸಾಗರ ವಿಶ್ವವಿದ್ಯಾಲಯದ ಆವರಣ, ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟಗಳು. ರೇಷ್ಮೆಯ ಆರ್ಥಿಕತೆಯನ್ನು ಕುರಿತು ಬರೆಯೆಂದು ಅಧ್ಯಾಪಕರು ಹೇಳಿದರೆ, 2022ರ ನವೆಂಬರಿನಲ್ಲಿ ಜನರ ಕೈಗೆ ಬಂದ ಚಾಟ್‌ಜಿಪಿಟಿಯಂತಹ ತಂತ್ರಾಂಶವು ಕ್ಷಣಾರ್ಧದಲ್ಲಿ ನಾಲ್ಕು ಪುಟಗಳನ್ನು ವ್ಯಾಕರಣದೋಷವಿಲ್ಲದೆ ಬರೆದುಕೊಡಬಲ್ಲುದು. ಆದರೆ ಚಂದ್ರಿಕೆಯೆಂಬ ಬಿದಿರ ತಟ್ಟೆಯಿಂದ ರೇಷ್ಮೆಗೂಡು ಬಿಡಿಸುವ ಹೆಣ್ಣುಮಗಳು ಖರ್ಚು ಕಳೆದು ಏನು ಉಳಿಯಿತೆಂದು ಹೇಗೆ ಲೆಕ್ಕ ಹಾಕುತ್ತಾಳೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದರ ಕುಸಿದ ದಿನ ರೈತನೂ, ಗೂಡಿನಿಂದ ನೂಲು ತೆಗೆಯುವ ರೀಲರನೂ ಏನು ಮಾತನಾಡಿಕೊಳ್ಳುತ್ತಾರೆ ಎಂಬುದನ್ನು ಅದು ಕಂಡಿಲ್ಲ; ಮುಂದೆ ಯಾವ ಪದ ಬರುವ ಸಂಭವವಿದೆಯೆಂದು ಗಣಿಸಿ ಬರೆಯುವ ಯಂತ್ರವಾದುದರಿಂದ, ಕಾಣದುದನ್ನೂ ಕಂಡಷ್ಟೇ ನಿಶ್ಚಯವಾಗಿ ಹೇಳಿಬಿಡುತ್ತದೆ, ಎಂದೂ ಅಚ್ಚಾಗದ ಗ್ರಂಥಗಳ ಹೆಸರನ್ನು ಉಲ್ಲೇಖಿಸುವುದೂ ಉಂಟು. ಆದಕಾರಣ ಮೊದಲು ಮಾರುಕಟ್ಟೆಗೆ ಹೋಗು, ಕೇಳು, ಗುರುತು ಹಾಕಿಕೋ. ಮೊದಲ ಕರಡು ಎಷ್ಟೇ ಒರಟಾಗಿರಲಿ, ನಿನ್ನದೇ ಆಗಿರಲಿ.

ಪಿಯುಸಿಯವರೆಗೆ ಕನ್ನಡದಲ್ಲಿ ಓದಿ ಈಗ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಿರುವ ನಿನ್ನ ಕಷ್ಟವನ್ನು ನಾನು ಬಲ್ಲೆ. ವಿಷಯವನ್ನು ಕನ್ನಡದಲ್ಲಿಯೇ ಫೋನಿಗೆ ಹೇಳು, ಅದು ಅಕ್ಷರಕ್ಕಿಳಿಸಿಕೊಳ್ಳಲಿ. ತಕ್ಕ ಇಂಗ್ಲಿಷ್ ಪದ ಹೊಳೆಯದಿದ್ದರೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಕಲಿಸಿ 2019ರಲ್ಲಿ ಅಂತರ್ಜಾಲದಲ್ಲಿ ಸರ್ವರಿಗೂ ಮುಕ್ತವಾದ, ಒಂದೂವರೆ ಲಕ್ಷಕ್ಕೂ ಮಿಕ್ಕ ಶಬ್ದಗಳುಳ್ಳ ‘ಅಲರ್’ ನಿಘಂಟನ್ನು ತೆರೆ. ಒಬ್ಬ ಮನುಷ್ಯನ ಜೀವಮಾನದ ತಪಸ್ಸು ನಿನ್ನ ಅಂಗೈಯಲ್ಲಿದೆಯೆಂಬುದು ನನಗಂತೂ ಅದ್ಭುತವಾಗಿಯೇ ತೋರುತ್ತದೆ.

ಕರಡು ಮುಗಿದ ಬಳಿಕ ಅದನ್ನು ಕಂಪ್ಯೂಟರಿನಿಂದ ಗಟ್ಟಿಯಾಗಿ ಓದಿಸಿ, ಕಣ್ಣು ಮುಚ್ಚಿ ಕೇಳು. ತಾನು ಬರೆದುದನ್ನು ತಾನೇ ಓದುವಾಗ ಮನಸ್ಸು ಬಿಟ್ಟುಹೋದ ಪದವನ್ನು ತಾನಾಗಿ ತುಂಬಿಕೊಂಡು ಮುಂದೆ ಸಾಗುತ್ತದೆ. ಅನ್ಯಧ್ವನಿಯಲ್ಲಿ ಕೇಳಿದಾಗಲಾದರೋ ಕರ್ತೃವಿಲ್ಲದ ವಾಕ್ಯವೂ, ಎರಡು ಸಲ ಹೇಳಿದ ಮಾತೂ ಕಿವಿಗೆ ಚುಚ್ಚುತ್ತವೆ. ಗೂಗಲ್ ಡಾಕ್ಸಿನಲ್ಲಿ ಬರೆದರೆ ಹಿಂದಿನ ಆವೃತ್ತಿಗಳು ಉಳಿದಿರುತ್ತವೆ. ಮೊದಲ ದಿನದ್ದನ್ನೂ ಕಡೆಯ ದಿನದ್ದನ್ನೂ ಎದುರುಬದುರಾಗಿಟ್ಟು, ಯಾವುದನ್ನು ಏಕೆ ಹೊಡೆದುಹಾಕಿದೆಯೆಂದು ವಿಮರ್ಶಿಸು. ಚಾಟ್‌ಜಿಪಿಟಿಯನ್ನು ಕರೆಯುವುದಾದರೆ ಈಗ ಕರೆ, ಅದೂ ತಿದ್ದಿಕೊಡೆಂದಲ್ಲ, ಎಲ್ಲಿ ವಾದ ಶಿಥಿಲವಾಗಿದೆಯೆಂದು ತೋರಿಸೆಂದು ಕೇಳು. ಅದು ತೋರಿಸಿದುದನ್ನು ಒಪ್ಪುವುದೂ ಬಿಡುವುದೂ ನಿನ್ನ ಅಧಿಕಾರ. ನಿನ್ನ ಅಧ್ಯಾಪಕರು ಬೇಡವೆಂದಿದ್ದರೆ ಅಷ್ಟೂ ಬೇಡ.

ಇನ್ನು ಪರರ ಬರಹದಿಂದ ಎತ್ತಿಕೊಳ್ಳುವ ಮಾತು. ಕೃತಿಚೌರ್ಯವನ್ನು ಕುರಿತ ಯುಜಿಸಿಯ 2018ರ ನಿಯಮಗಳು ಸಂಶೋಧನ ಪ್ರಬಂಧಗಳಲ್ಲಿ ಶೇಕಡಾ 10ರವರೆಗಿನ ಸಾಮ್ಯವನ್ನು ದಂಡಿಸುವುದಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಈ ಅಂಕಿಯ ಭಯದಿಂದ ಪದಕ್ಕೊಂದು ಪರ್ಯಾಯಪದವನ್ನಿಟ್ಟು, ಸಾಮ್ಯವನ್ನು ಪತ್ತೆಹಚ್ಚುವ ತಂತ್ರಾಂಶದ ಕಣ್ಣು ತಪ್ಪಿಸುವ ಹುಡುಗರಿದ್ದಾರೆ. ಅಷ್ಟೇ ಹೊತ್ತಿನಲ್ಲಿ ಮೂಲವನ್ನು ಓದಿ, ಪುಸ್ತಕ ಮುಚ್ಚಿಟ್ಟು, ತಿಳಿದುದನ್ನು ಸ್ವಂತ ಮಾತಿನಲ್ಲಿ ಬರೆದು, ಎಲ್ಲಿಂದ ತಿಳಿಯಿತೆಂದು ನಮೂದಿಸಬಹುದಲ್ಲವೇ?

ಬರುವ ವಾರ ನಿನ್ನ ರೇಷ್ಮೆಯ ಲೇಖನದ ಮೊದಲ ಕರಡನ್ನು, ತಿದ್ದಿದ ಪ್ರತಿಯೊಡನೆ, ನನಗೆ ಕಳುಹಿಸು. ಎರಡನ್ನೂ ಓದಿ ವಿವರವಾಗಿ ಬರೆಯುವೆನು.

ಇತಿ,
ನಿನ್ನ ಹಿತೈಷಿ