ಸಂಕೇತಿ: ಒಂದು ಹೆಸರಿನ ವಿಚಾರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ವಿದ್ಯಾರ್ಥಿಗಳಿಗೆ ಸಂಕೇತಿಗಳು ಅಪರಿಚಿತರಲ್ಲ. ಹಾಸನದ ಬಳಿಯ ಕೌಶಿಕ, ಅರಕಲಗೂಡು ತಾಲ್ಲೂಕಿನ ಕಾವೇರೀತೀರದ ರುದ್ರಪಟ್ಟಣ ಇವು ಅವರ ಹಳೆಯ ನೆಲೆಗಳು. ಗಾನವಿದ್ವಾಂಸ ಆರ್. ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ರುದ್ರಪಟ್ಟಣದಲ್ಲಿಯೇ. ಬೀದಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವಾಡುವ ಈ ಜನ, ಮನೆಯ ಹೊಸಿಲು ದಾಟಿದೊಡನೆ ಬೇರೊಂದು ನುಡಿಯನ್ನಾಡುತ್ತಾರೆ. ಅದು ಕೆಟ್ಟ ತಮಿಳೆಂದು ಕೆಲವರು ಹಗುರವಾಗಿ ಹೇಳುವುದನ್ನು ಕೇಳಿದ್ದೇನೆ. ಈ ಮಾತನ್ನು ನಾನು ಒಪ್ಪಲಾರೆ.

ತಮಿಳುನಾಡಿನ ಸೆಂಗೋಟೆಯಲ್ಲಿ ನಾಚಾರಮ್ಮನೆಂಬ ವಿದುಷಿ ಅವಮಾನಕ್ಕೊಳಗಾಗಿ ಊರು ಬಿಟ್ಟಳೆಂದೂ, ಆಕೆಯನ್ನನುಸರಿಸಿ ಹೊರಟ ಕುಟುಂಬಗಳು ಕೌಶಿಕದಲ್ಲಿಯೂ ಮೈಸೂರು ಜಿಲ್ಲೆಯ ಬೆಟ್ಟದಪುರದಲ್ಲಿಯೂ ನೆಲಸಿದುವೆಂದೂ ಐತಿಹ್ಯವಿದೆ. ಕಥೆಯ ವಿವರಗಳು ಹೇಗಾದರಿರಲಿ, ಬಂದ ದಿಕ್ಕಿಗೆ ನುಡಿಯೇ ಸಾಕ್ಷಿ. ಕನ್ನಡದ 'ಬಾ' ಅವರ ಬಾಯಲ್ಲಿ ತಮಿಳಿನಂತೆ 'ವಾ'. ಮಲೆಯಾಳದ ಛಾಯೆಯೂ ಅದರಲ್ಲಿದೆ. ಇದರಲ್ಲಿ ಆಶ್ಚರ್ಯವೇನು? ಸೆಂಗೋಟೆಯು ಪಶ್ಚಿಮಘಟ್ಟದ ಬುಡದಲ್ಲಿದ್ದು, 1956ರವರೆಗೆ ತಿರುವಾಂಕೂರಿಗೆ ಸೇರಿತ್ತು.

ಇನ್ನು ಹೆಸರು. ಸೆಂಗೋಟೆ ಎಂದರೆ ನಮ್ಮ 'ಕೆಂಗೋಟೆ'. ಹಳೆಯ ಕಕಾರವು ಕನ್ನಡದಲ್ಲಿ ಉಳಿದು, ತಮಿಳಿನಲ್ಲಿ ಇ, ಎಗಳ ಮುಂದೆ ಬದಲಾಯಿತು. ನಮ್ಮ ಕಿವಿ ಅಲ್ಲಿ 'ಸೆವಿ', ನಮ್ಮ ಕೇರಿ 'ಸೇರಿ'. ಸೆಂಗೋಟೆಯವರೇ ಸಂಕೇತಿಗಳಾದರೆಂಬುದು ಬಹುಜನರ ಅಭಿಪ್ರಾಯ. ಆದರೆ ಇಲ್ಲೊಂದು ತೊಡಕು: 'ಕೋಟೆ'ಯ ಓಕಾರ ಏಕಾರವಾಗಿ, ಟಕಾರ ತಕಾರವಾಗುವುದು ಸಾಮಾನ್ಯ ನಿಯಮವಲ್ಲ. ವೇದಾಧ್ಯಯನದ ಜನಕ್ಕೆ ನಿತ್ಯಪರಿಚಿತವಾದ 'ಸಂಕೇತ' ಶಬ್ದವೇ ಊರಿನ ಹೆಸರನ್ನು ತನ್ನ ಕಡೆಗೆ ಎಳೆದುಕೊಂಡಿರಬೇಕೆಂದು ನನ್ನ ಊಹೆ.

ಉತ್ತರ ಅಮೆರಿಕದ ಒಂದು ಜನಾಂಗವನ್ನು ಫ್ರೆಂಚರು 'ಹ್ಯೂರಾನ್' ಎಂದು ಕರೆದರು. ಕಾಡುಹಂದಿಯ ತಲೆ ಎಂಬರ್ಥದ ಫ್ರೆಂಚ್ ಶಬ್ದ ಅದರ ಮೂಲವೆನ್ನುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ವೆಂಡಟ್ ಎಂದು. ಪರರ ಹಾಸ್ಯದ ಹೆಸರು ಸಂಕೇತಿಗಳಿಗೆ ತಗುಲಲಿಲ್ಲ. ಬಿಟ್ಟು ಬಂದ ಊರೇ ಅವರ ಹೆಸರಾಯಿತು. ಮತ್ತೊಂದು ವಿಷಯದಲ್ಲಿ ಮಾತ್ರ ಹ್ಯೂರಾನರೇ ಭಾಗ್ಯಶಾಲಿಗಳು. ಅವರ ನುಡಿ ನಾಲಿಗೆಯಿಂದ ಮರೆಯಾಯಿತಾದರೂ, ಮಿಷನರಿ ಸಗಾರ್ 1632ರಲ್ಲಿಯೇ ಅದರ ನಿಘಂಟನ್ನು ಅಚ್ಚು ಹಾಕಿಸಿದ್ದನು. ಅಂಥ ಬರಹಗಳ ಬಲದಿಂದ ಕ್ವಿಬೆಕ್ ಬಳಿಯ ವೆಂಡೇಕಿನಲ್ಲಿ ಅವರ ವಂಶಸ್ಥರು ಅದನ್ನು ಪುನಃ ಕಲಿಯುತ್ತಿದ್ದಾರೆ. ಸಂಕೇತಿಗಳಾದರೋ ಬರೆಯುವುದನ್ನೆಲ್ಲ ಕನ್ನಡದಲ್ಲಿ ಬರೆದು, ತಮ್ಮ ನುಡಿಯನ್ನು ಮನೆಮಾತಾಗಿಯೇ ಉಳಿಸಿಕೊಂಡವರು. ಮಕ್ಕಳು ಮನೆಯಲ್ಲಿ ಕೇಳದೆ ಹೋದರೆ ಅದನ್ನು ಎಲ್ಲಿ ಹುಡುಕುವುದು?

ಆ ನುಡಿಯಾಡುವ ಮಿತ್ರರು ಬೇಸಗೆಯ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು, ಅಡಿಗೆಮನೆಯ, ತೋಟದ, ನೆಂಟಸ್ತಿಕೆಯ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ತಂದರೆ, 'ಕ' ಉಳಿದದ್ದೆಲ್ಲಿ, 'ಸ' ಬಂದದ್ದೆಲ್ಲಿ ಎಂದು ನಾವೆಲ್ಲರೂ ಕೂಡಿಯೇ ಪಟ್ಟಿ ಮಾಡಬಹುದು.